ಆಮೆಯನ್ನು ಉಳಿಸುವುದು ವಿಟಮಿನ್ ಸಿ ಒಂದೇ ಅಲ್ಲ

ಮಾನ್ಯರೇ,

ಕಳೆದ ವಾರ ನಿಮ್ಮ ವಿಜ್ಞಾನ ಪುಟದಲ್ಲಿ ಆಮ್ಲಜನಕವಿಲ್ಲದೆಯೂ ಆಮೆಯ ಮಿದುಳು ಉಳಿಯುವುದು ವಿಟಮಿನ್ ಸಿ ಎಂಬ ಆಂಟಿಆಕ್ಸಿಡೆಂಟ್‌ನಿಂದ ಎಂದು ಬಂದ ಲೇಖನವನ್ನು ನನ್ನ ಭಾವ ಕತ್ತರಿಸಿ ಇಟ್ಟುಕೊಂಡಿದ್ದಾರೆ. ಅವರಿಗೆ ಹಿಂದೊಮ್ಮೆ ಸಣ್ಣದಾಗಿ ಲಕ್ವ ಹೊಡೆದಿತ್ತು. ‘ಪ್ರಾಣಿಶಾಸ್ತ್ರದ ಮೇಷ್ಟ್ರೇ, ಆಂಟಿಆಕ್ಸಿಡೆಂಟ್ ಮಾತ್ರೆ ಯಾವುದು ಒಳ್ಳೇದು?’ ಎಂದು ಈಗ ದಿನಾ ಕೇಳುತ್ತಾರೆ. ಅವರಿಗೆ ಹೇಳಿದ್ದನ್ನೇ ನಿಮ್ಮ ಓದುಗರಿಗೂ ಹೇಳಬೇಕೆನಿಸಿತು.

ಲೇಖನದ ಮೊದಲರ್ಧ ಸರಿಯಾಗಿಯೇ ಇದೆ. ಆಮ್ಲಜನಕವಿಲ್ಲದೆ ತಾಳಿಕೊಳ್ಳುವ ಸಿಹಿನೀರಿನ ಆಮೆಗಳ ಮಿದುಳಿನಲ್ಲಿ ವಿಟಮಿನ್ ಸಿ ಹೇರಳವಾಗಿದೆಯೆಂದು ಸಂಶೋಧಕಿ ಮಾರ್ಗರೆಟ್ ರೈಸ್ ಮತ್ತು ಸಂಗಡಿಗರು 1995ರಲ್ಲೇ ಅಳೆದು ತೋರಿಸಿದ್ದರು. ಆದರೆ ಅದೊಂದರಿಂದಲೇ ಆಮೆ ಬದುಕುತ್ತದೆ ಎಂದು ಲೇಖಕರು ಒಂದೇ ನೆಗೆತಕ್ಕೆ ಹಾರಿದ್ದಾರಲ್ಲ, ಅಲ್ಲಿ ನನ್ನ ತಕರಾರು.

ನಮ್ಮ ಮಿದುಳು ತೂಕದಲ್ಲಿ ದೇಹದ ಶೇ 2ರಷ್ಟಿದ್ದೂ ಸುಮಾರು ಶೇ 20ರಷ್ಟು ಆಮ್ಲಜನಕವನ್ನು ತಾನೇ ಕಬಳಿಸುತ್ತದೆ. ರಕ್ತ ನಿಂತ ಕೆಲವೇ ನಿಮಿಷಗಳಲ್ಲಿ ಕೋಶಗಳು ಸಾಯತೊಡಗುತ್ತವೆ. ಉತ್ತರ ಅಮೆರಿಕದ ಬಣ್ಣದ ಆಮೆಯಾದರೋ ಹೆಪ್ಪುಗಟ್ಟಿದ ಕೊಳದ ತಳದಲ್ಲಿ, 3 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರಿನಲ್ಲಿ, ಉಸಿರೆಳೆಯದೆ ಮೂರು ತಿಂಗಳು ಕಳೆಯಬಲ್ಲದು. ಅದು ಮಾಡುವುದು ಶಕ್ತಿಯ ಖರ್ಚು ಕಡಿತ. ನರಕೋಶದ ಪೊರೆಯಲ್ಲಿ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು) ನುಸುಳುವ ದಾರಿಗಳನ್ನು ಮುಚ್ಚಿಕೊಂಡು, ಗಾಬಾ ಎಂಬ ಶಾಮಕ ರಾಸಾಯನಿಕವನ್ನು ಏರಿಸಿ, ಮಿದುಳನ್ನು ಹೆಚ್ಚುಕಡಿಮೆ ಕೋಮಾಕ್ಕೆ ಇಳಿಸುತ್ತದೆ. ಯಕೃತ್ತಿನ ಗ್ಲೈಕೋಜನ್‌ನಿಂದ ಸಿಗುವ ಸಕ್ಕರೆಯೇ ಇಂಧನ. ಅದರಿಂದ ಹುಟ್ಟುವ ಲ್ಯಾಕ್ಟಿಕ್ ಆಮ್ಲವನ್ನು ಚಿಪ್ಪಿನ ಕಾರ್ಬೊನೇಟ್ ಶಮನ ಮಾಡುತ್ತದೆ. ಕ್ರೂಷನ್ ಕಾರ್ಪ್ ಎಂಬ ಮೀನು ಆಮ್ಲದ ಬದಲು ಆಲ್ಕೊಹಾಲ್ ತಯಾರಿಸಿ ಕಿವಿರುಗಳಿಂದ ಹೊರಬಿಡುತ್ತದೆ (ಇದನ್ನು ಹೇಳುವಾಗ ನನ್ನ ಕ್ಲಾಸಿನ ಕೊನೆಯ ಬೆಂಚಿಗೂ ಎಚ್ಚರವಾಗುತ್ತಿತ್ತು). ಬೋಳು ಮೋಲ್ ಇಲಿ ಆಮ್ಲಜನಕವೇ ಇಲ್ಲದೆ 18 ನಿಮಿಷ ಉಳಿದದ್ದು 2017ರಲ್ಲಿ ವರದಿಯಾಯಿತು. ಅದರ ಉಪಾಯ ಫ್ರಕ್ಟೋಸ್ ಎಂಬ ಹಣ್ಣಿನ ಸಕ್ಕರೆಯನ್ನು ಬಳಸುವುದು.

ಹಾಗಾದರೆ ವಿಟಮಿನ್ ಸಿ ಯಾಕೆ? ಆಮ್ಲಜನಕ ಪೂರ್ತಿ ಇಲ್ಲದಾಗ, ಕೋಶಗಳನ್ನು ಕೆಡಿಸುವ ಅದರ ಚುರುಕು ಕಣಗಳಾದ ಫ್ರೀ ರ‍್ಯಾಡಿಕಲ್‌ಗಳಾದರೂ ಎಲ್ಲಿಂದ ಹುಟ್ಟಬೇಕು? ಅಪಾಯವಿರುವುದು ವಸಂತದಲ್ಲಿ, ಆಮೆ ಮೇಲೆ ಬಂದು ಮೊದಲ ಉಸಿರೆಳೆದಾಗ. ಆಗ ಅವು ಒಮ್ಮೆಲೇ ಹೆಚ್ಚುವ ಭಯ. ಅಷ್ಟರೊಳಗೆ ಅವನ್ನು ಹಿಡಿಯುವ ವಿಟಮಿನ್ ಸಿಯ ಕಾವಲು ಕೋಶದಲ್ಲಿ ಸಿದ್ಧವಿರಬೇಕು. ಲಕ್ವದಲ್ಲಿ ಮಿದುಳಿನ ರಕ್ತನಾಳ ಮುಚ್ಚಿದ್ದ ಹೆಪ್ಪು ಕರಗಿ ರಕ್ತ ಮರಳಿದಾಗಲೂ ಇಂಥದೇ ಹಾನಿ ಉಂಟು. ಆದ್ದರಿಂದಲೇ ರ‍್ಯಾಡಿಕಲ್ ಹಿಡಿಯುವ ಔಷಧಗಳನ್ನು ಹುಡುಕಿದರು. ಎನ್‌ಎಕ್ಸ್‌ವೈ-059 ಎಂಬುದು 2006ರಲ್ಲಿ ಆಸೆ ಹುಟ್ಟಿಸಿ, 2007ರಲ್ಲಿ 3,000ಕ್ಕೂ ಹೆಚ್ಚು ರೋಗಿಗಳ ಪರೀಕ್ಷೆಯಲ್ಲಿ ಕೈಕೊಟ್ಟಿತು. ಜಪಾನಿನಲ್ಲಿ 2001ರಿಂದ ಎಡರಾವೋನ್ ಬಳಕೆಯಲ್ಲಿದೆ ನಿಜ, ಆದರೆ ಅದು ಲಕ್ವವಾದ ಮೇಲೆ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಏರಿಸುವ ಔಷಧ, ಬೆಳಿಗ್ಗೆ ಕಾಲೀಹೊಟ್ಟೆಗೆ ನುಂಗುವ ಮಾತ್ರೆಯಲ್ಲ.

ಇನ್ನು ಮಾತ್ರೆಯ ವಿಷಯ. ಆಮೆಯ ಮೂತ್ರಪಿಂಡವೇ ವಿಟಮಿನ್ ಸಿ ತಯಾರಿಸುತ್ತದೆ. ನಮ್ಮ ಪೂರ್ವಜರು ಆ ಶಕ್ತಿ ಕಳೆದುಕೊಂಡು ಕೋಟ್ಯಂತರ ವರ್ಷಗಳಾದವು. ದಿನಕ್ಕೆ ಕೆಲವು ನೂರು ಮಿಲಿಗ್ರಾಂ ದಾಟಿದರೆ ರಕ್ತದಲ್ಲಿ ಅದರ ಮಟ್ಟ ಹೆಚ್ಚೇನೂ ಏರದು, ಮಿಕ್ಕಿದ್ದು ಮೂತ್ರದ ಪಾಲು. ಮಿದುಳಂತೂ ತನಗೆ ಬೇಕಾದಷ್ಟನ್ನು ತನ್ನದೇ ಸಾಗಣೆ ಪ್ರೋಟೀನ್‌ಗಳ ಮೂಲಕ ಅಳೆದು ಒಳಗೆ ಬಿಟ್ಟುಕೊಳ್ಳುತ್ತದೆ.

ಭಾವ ಆ ಲೇಖನದ ತುಣುಕನ್ನು ಇನ್ನೂ ಎಸೆದಿಲ್ಲ. ಹಾಗಾಗಿ ನನ್ನ ಕೋರಿಕೆ: ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಇನ್ನೊಂದು ಸುದ್ದಿ ಹಾಕಿ. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದನ್ನೂ ಅವರು ಕತ್ತರಿಸಿ ಇಟ್ಟುಕೊಳ್ಳಲಿ.

– ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ