ಹೊಸ ಜೇಡದ ಸುದ್ದಿಯಲ್ಲಿ ಜಾಗದ ಗುರುತು ಬೇಡ

ಮಾನ್ಯ ಸಂಪಾದಕರೇ,

ಕಾಡಿನಲ್ಲಿ ಅಪರಿಚಿತ ಬಣ್ಣದ ಟರಾಂಟುಲಾ (ಮೈತುಂಬ ರೋಮವಿರುವ ದೊಡ್ಡ ಜೇಡ) ಯಾರದಾದರೂ ಕ್ಯಾಮೆರಾಕ್ಕೆ ಸಿಕ್ಕ ಕೂಡಲೇ ‘ಹೊಸ ಪ್ರಭೇದ ಪತ್ತೆ’ ಎಂದು ಪ್ರಕಟಿಸುವ ಉತ್ಸಾಹ ಸಹಜವಾದದ್ದೇ. ಆದರೆ ಅದರ ಜೊತೆಗೆ ಜೇಡ ಕಂಡ ಬೆಟ್ಟ, ಹಳ್ಳ, ಕಾಲುದಾರಿಗಳ ವಿವರವನ್ನೂ ಅಚ್ಚು ಹಾಕುವುದನ್ನು ದಯವಿಟ್ಟು ಕೈಬಿಡಬೇಕೆಂದು ಕೋರುತ್ತೇನೆ.

ಬಣ್ಣವೊಂದನ್ನೇ ನೋಡಿ ಟರಾಂಟುಲಾವನ್ನು ಗುರುತಿಸಲಾಗದು. ಒಂದೇ ಪ್ರಭೇದದ ಮರಿ, ಗಂಡು, ಹೆಣ್ಣುಗಳು ಬೇರೆ ಬೇರೆ ಬಣ್ಣದಲ್ಲಿರುವುದುಂಟು. ಮಾಸಲಾಗಿದ್ದ ಜೇಡ ಪೊರೆ ಕಳಚಿದ ಮೇಲೆ ಬೇರೆಯದೇ ಜೀವಿಯೇನೋ ಎಂಬಂತೆ ಹೊಳೆಯುತ್ತದೆ. ತಜ್ಞರು ಮುಖ್ಯವಾಗಿ ಪರೀಕ್ಷಿಸುವುದು ಪ್ರೌಢ ಗಂಡಿನ ಬಾಯಿಯ ಬಳಿಯ ಸ್ಪರ್ಶಾಂಗದ ತುದಿಯಲ್ಲಿರುವ, ವೀರ್ಯ ತುಂಬಿಕೊಳ್ಳುವ ಪುಟ್ಟ ಬುರುಡೆಯ ಆಕಾರವನ್ನು ಮತ್ತು ಹೆಣ್ಣಿನ ದೇಹದೊಳಗೆ ವೀರ್ಯವನ್ನು ಕೂಡಿಡುವ ಕೋಶದ ರಚನೆಯನ್ನು. ಈ ಕೋಶದ ಒಳಪದರವೂ ಪೊರೆಯೊಂದಿಗೇ ಕಳಚಿ ಬರುವುದರಿಂದ, ಬಿಲದ ಬಾಯಲ್ಲಿ ಬಿದ್ದ ಒಣ ಪೊರೆಯನ್ನು ನೆನೆಸಿ, ಮೆಲ್ಲಗೆ ಬಿಡಿಸಿ, ಸೂಕ್ಷ್ಮದರ್ಶಕದಡಿ ಇಟ್ಟರೆ ಜೇಡವನ್ನು ಮುಟ್ಟದೆಯೇ ಎಷ್ಟೋ ಸಂಗತಿ ತಿಳಿಯುತ್ತದೆ. ಹತ್ತಿರದ ಪ್ರಭೇದಗಳ ಮಾದರಿಗಳೊಂದಿಗೆ ಹೋಲಿಸಿ, ಹೊಸ ಹೆಸರಿಗೆ ಆಧಾರವಾಗುವ ಮಾದರಿಯನ್ನು ನಿಗದಿಪಡಿಸಿ, ವಿವರಣೆಯನ್ನು ಪ್ರಕಟಿಸಿದ ಮೇಲಷ್ಟೇ ಆ ಹೆಸರು ಸಿಂಧುವಾಗುತ್ತದೆ. ಅಲ್ಲಿಯವರೆಗೆ ‘ಹೊಸದಿರಬಹುದು’ ಎಂದು ಬರೆಯುವುದೇ ಸರಿ.

ಜೇಡ ಸಿಕ್ಕ ಜಾಗವಂತೂ ಸಂಶೋಧಕರಿಗೆ ಬೇಕೇ ಬೇಕು. ಪೊಯಿಸಿಲೊಥೀರಿಯಾ ಮೆಟಾಲಿಕಾ ಎಂಬ ನೀಲಿ ಟರಾಂಟುಲಾವನ್ನು ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೊಕಾಕ್ 1899ರಲ್ಲಿ ವಿವರಿಸಿದ್ದು ಆಂಧ್ರದ ಗುತ್ತಿಯಲ್ಲಿ ರೈಲ್ವೆಯವರು ಮರದ ದಿಮ್ಮಿ ಕೂಡಿಡುತ್ತಿದ್ದ ಅಂಗಳದಲ್ಲಿ ಸಿಕ್ಕ ಒಂದೇ ಮಾದರಿಯಿಂದ. ಅದು ಬಹುಶಃ ದಿಮ್ಮಿಗಳೊಂದಿಗೆ ಬೇರೆಲ್ಲಿಂದಲೋ ಬಂದಿದ್ದರಿಂದ, ಅದರ ನಿಜವಾದ ನೆಲೆ ಗೊತ್ತಾಗಲು ಒಂದು ಶತಮಾನವೇ ಹಿಡಿಯಿತು. 2001ರಲ್ಲಿ ಅದು ಮತ್ತೆ ಕಂಡದ್ದು ಅಲ್ಲಿಂದ ಸುಮಾರು 100 ಕಿ.ಮೀ. ದೂರದ ಕಾಡಿನಲ್ಲಿ. ಕೆಲವೇ ವರ್ಷಗಳಲ್ಲಿ ಅದು ವಿದೇಶಗಳ ಸಾಕುಪ್ರಾಣಿ ಮಾರುಕಟ್ಟೆಗಳಲ್ಲಿತ್ತು. 2008ರಲ್ಲಿ ಅದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಪ್ರಭೇದವೆಂದು ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಗುರುತಿಸಿತು. ಇಡೀ ಪೊಯಿಸಿಲೊಥೀರಿಯಾ ಕುಲದ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ (ವನ್ಯಜೀವಿ ವ್ಯಾಪಾರ ಕುರಿತ ದೇಶಗಳ ನಡುವಿನ ಒಪ್ಪಂದ) ನಿಯಂತ್ರಣಕ್ಕೆ ಬಂದದ್ದು 2019ರಲ್ಲಿ, ಅಂದರೆ ಬಹಳ ತಡವಾಗಿ.

ಹೆಣ್ಣು ಟರಾಂಟುಲಾ ಪ್ರಾಯಕ್ಕೆ ಬರಲು ವರ್ಷಗಳು ಬೇಕು. ಹಲವು ಪ್ರಭೇದಗಳಲ್ಲಿ ಅದು ಎರಡು ದಶಕ ಬದುಕುವುದೂ ಉಂಟು, ಅದೂ ಬಹುಮಟ್ಟಿಗೆ ಒಂದೇ ಬಿಲವನ್ನೋ ಮರದ ಪೊಟರೆಯನ್ನೋ ನೆಚ್ಚಿಕೊಂಡು. ಹಾಗಾಗಿ ಜಾಗ ತಿಳಿದ ನಾಲ್ಕು ಜನ ಬಂದು ಬಿಲ ಅಗೆದು ದೊಡ್ಡ ಹೆಣ್ಣುಗಳನ್ನು ಒಯ್ದರೆ ಆ ನೆಲೆ ಮತ್ತೆ ತುಂಬುವುದು ಸುಲಭವಲ್ಲ. ಇನ್ನೂ ಹೆಸರಿಡದ ಪ್ರಭೇದವಾದರೆ ಸಂಗ್ರಾಹಕರ ಆಸೆಯೂ ಹೆಚ್ಚು, ಕಾನೂನಿನ ರಕ್ಷಣೆಯೂ ಕಡಿಮೆ.

ಕಂಡವರು ಬಿಲದ ಸ್ವರೂಪ, ಮರದ ಜಾತಿ, ನೆಲದಿಂದ ಎತ್ತರ, ದಿನಾಂಕ ಮತ್ತು ನಿಖರ ಸ್ಥಳವನ್ನು ಬರೆದಿಟ್ಟು ಜೇಡತಜ್ಞರಿಗೂ ಅರಣ್ಯ ಇಲಾಖೆಗೂ ಕೊಡಲಿ. ಅನುಮತಿಯಿಲ್ಲದೆ ಜೇಡವನ್ನು ಹಿಡಿಯದಿರಲಿ. ಪತ್ರಿಕೆಯಲ್ಲಿ ಜಿಲ್ಲೆಯ ಹೆಸರಷ್ಟೇ ಇದ್ದರೆ ಓದುಗರಿಗೆ ಏನೂ ನಷ್ಟವಿಲ್ಲ. ಜಾಲತಾಣಕ್ಕೆ ಫೋಟೊ ಏರಿಸುವ ಮುನ್ನ ಅದರೊಳಗೆ ದಾಖಲಾಗಿರುವ ಜಿಪಿಎಸ್ ಮಾಹಿತಿಯನ್ನು ಅಳಿಸುವಂತೆಯೂ ತಮ್ಮ ಸಿಬ್ಬಂದಿಗೆ ಸೂಚಿಸಬೇಕೆಂದು ವಿನಂತಿ.

ಇತಿ,
ಒಬ್ಬ ಓದುಗ