ಗೋಡೆಯ ಥರ್ಮೋಸ್ಟಾಟ್ ಬದಲಿಸುತ್ತಿದ್ದೇನೆ

ಅಪ್ಪ, ಅಮ್ಮ, ಇಬ್ಬರಿಗೂ ನಮಸ್ಕಾರಗಳು.

ನಾನು ಆರಾಮಾಗಿದ್ದೇನೆ. ಚಳಿ ಶುರುವಾಗಿದೆ. ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಿಸುತ್ತೇನೆ ಅಂದಾಗ "ಅಷ್ಟು ಚಿಕ್ಕ ಮನೆಗೆ ಅದೆಲ್ಲ ಬೇಕೇನಮ್ಮಾ?" ಅಂತ ಅಪ್ಪ ಕೇಳಿದ್ದಿರಿ. ಫೋನಿನಲ್ಲಿ ಪೂರ್ತಿ ಹೇಳೋಕಾಗಲಿಲ್ಲ. ಅದಕ್ಕೇ ಈ ಪತ್ರ.

ಥರ್ಮೋಸ್ಟಾಟ್ ತಾನೇ ಮನೆಯನ್ನು ಬಿಸಿ ಮಾಡುವುದಿಲ್ಲ. ಬಿಸಿಗಾಳಿ ಬಿಡುವ ಫರ್ನೇಸ್ ಬೇರೆ ಇದೆ. ಮನೆ ಎಷ್ಟು ಬೆಚ್ಚಗಿದೆ ಅಂತ ನೋಡಿ ಅದನ್ನು ಆನ್, ಆಫ್ ಮಾಡುವುದಷ್ಟೇ ಇದರ ಕೆಲಸ. ಹಾಗಾಗಿ ಹೊಸದು ತಂದು ಸುಮ್ನೆ ಗೋಡೆಗೆ ಹಾಕಿದರೆ ಬಿಲ್ ಇಳಿಯುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ, ಎಲ್ಲರೂ ಮಲಗಿದಾಗ ಶಾಖ ತಗ್ಗಿಸಬೇಕು. ಚಳಿಗಾಲದಲ್ಲಿ ದಿನಕ್ಕೆ 8 ಗಂಟೆ ಹೊತ್ತು 7ರಿಂದ 10 ಡಿಗ್ರಿ ಫ್ಯಾರನ್‌ಹೀಟ್ ಇಳಿಸಿಟ್ಟರೆ ಮನೆ ಬೆಚ್ಚಗೆ, ತಂಪಾಗಿ ಇಡುವ ವರ್ಷದ ಖರ್ಚಿನಲ್ಲಿ ಶೇ. 10ರವರೆಗೆ ಉಳಿಸಬಹುದು ಅಂತ ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ನಾನು ಬೆಳಿಗ್ಗೆ ಹೋದರೆ ಸಂಜೆಯೇ ಬರುವವಳು. ಇಳಿಸೋದು, ಏರಿಸೋದು ದಿನಾ ನೆನಪಿಟ್ಟು ಮಾಡುವುದಕ್ಕಿಂತ ಸ್ಮಾರ್ಟ್ ಥರ್ಮೋಸ್ಟಾಟ್ ತಾನೇ ಮಾಡಿಕೊಂಡರೆ ಒಳ್ಳೆಯದಲ್ವಾ?

ಅಪ್ಪ, ಈಗ ನಿಮಗೆ ಇಷ್ಟವಾಗುವ ವೈರಿಂಗ್ ವಿಷಯ. ಯಾವ ಕಂಪನಿಯದು ಅಂತ ನೋಡುವ ಮೊದಲು ಹಳೆಯದರ ಮುಚ್ಚಳ ತೆಗೆದು ವೈರ್ ನೋಡಬೇಕು. ಬ್ರೇಕರ್ ಆಫ್ ಮಾಡಿಯೇ ತೆಗೆದೆ, ಹೆದರಬೇಡಿ. ಬಣ್ಣ ನಂಬುವ ಹಾಗಿಲ್ಲ, ಪಕ್ಕದ ಅಕ್ಷರ ನೋಡಬೇಕು. ಆರ್ ಅಂದರೆ ಕರೆಂಟ್ ಬರುವ ವೈರ್, ಡಬ್ಲ್ಯೂ ಹೀಟಿಂಗ್, ವೈ ಕೂಲಿಂಗ್, ಜಿ ಫ್ಯಾನ್. ಇದೆಲ್ಲ 24 ವೋಲ್ಟಿನದು. ಕೆಲವು ಮನೆಗಳಲ್ಲಿ ಗೋಡೆಯಂಚಿನ ಕರೆಂಟ್ ಹೀಟರ್‌ಗೆ ನೇರವಾಗಿ 120 ಅಥವಾ 240 ವೋಲ್ಟ್ ಬರುತ್ತದೆ. ಅಲ್ಲಿಗೆ ಈ 24 ವೋಲ್ಟಿನ ಥರ್ಮೋಸ್ಟಾಟ್ ಹಾಕಲೇಬಾರದು.

ಮುಖ್ಯವಾದದ್ದು ಸಿ ವೈರ್. ಹಳೆಯದು ಬ್ಯಾಟರಿಯಲ್ಲಿ ನಡೆಯುತ್ತಿತ್ತು, ಅದಕ್ಕೆ ಸಿ ಬೇಕಿರಲಿಲ್ಲ. ಸ್ಮಾರ್ಟ್ ಆದರೆ ವೈಫೈ, ಪರದೆ ಎರಡಕ್ಕೂ ಸದಾ ಕರೆಂಟ್ ಬೇಕು. ಆರ್‌ನಲ್ಲಿ ಬಂದ ಕರೆಂಟ್ ವಾಪಸ್ ಹೋಗುವ ದಾರಿಯೇ ಸಿ. ನಮ್ಮ ಗೋಡೆಯೊಳಗೆ ಒಂದು ವೈರ್ ಯಾವುದಕ್ಕೂ ಸೇರಿಸದೆ ಮಡಚಿಟ್ಟಿದ್ದಾರೆ. ಅದರ ಒಂದು ತುದಿಯನ್ನು ಥರ್ಮೋಸ್ಟಾಟ್‌ನ ಸಿಗೆ, ಇನ್ನೊಂದನ್ನು ಫರ್ನೇಸ್ ಬೋರ್ಡಿನ ಸಿಗೆ ಸೇರಿಸಿದರೆ ಆಯಿತು. ಅದೂ ಇಲ್ಲದಿದ್ದರೆ ಅಡಾಪ್ಟರ್ ಸಿಗುತ್ತದೆ.

ಬೇರೆ ಬೇರೆ ರೂಮಿಗೆ ಇಡುವ ಸೆನ್ಸರ್‌ಗಳು ನನಗೆ ಬೇಡ. ನಮ್ಮ ಪುಟ್ಟ ಮನೆಯಲ್ಲಿ ಹಾಲ್ ಬೆಚ್ಚಗಿದ್ದರೆ ಬೆಡ್‌ರೂಮೂ ಬೆಚ್ಚಗಿರುತ್ತದೆ. ನನ್ನ ದಿನಚರಿಯನ್ನು ತಾನೇ ಕಲಿಯುವ ಮಾಡೆಲ್‌ಗೂ ಜಾಸ್ತಿ ದುಡ್ಡು ಕೊಡುವುದಿಲ್ಲ. ನನ್ನ ಹೊತ್ತು ನನಗೆ ಗೊತ್ತು, ಒಂದು ಸಲ ಹಾಕಿಟ್ಟರೆ ಸಾಕು.

ಇನ್ನೊಂದು ವಿಷಯವನ್ನು ತುಂಬಾ ಯೋಚನೆ ಮಾಡಿದೆ. ನೆಸ್ಟ್ ಅನ್ನುವ ಸ್ಮಾರ್ಟ್ ಥರ್ಮೋಸ್ಟಾಟ್‌ನ 2011 ಮತ್ತು 2012ರಲ್ಲಿ ಬಂದ ಮೊದಲ ಎರಡು ತಲೆಮಾರಿನ ಮಾಡೆಲ್‌ಗಳಿಗೆ ಗೂಗಲ್ 2025ರ ಅಕ್ಟೋಬರ್‌ನಲ್ಲಿ ಸಪೋರ್ಟ್ ನಿಲ್ಲಿಸಿತು. ಗೋಡೆಯ ಹತ್ತಿರ ಹೋಗಿ ಕೈಯಲ್ಲಿ ತಿರುಗಿಸಿದರೆ ಅವು ಈಗಲೂ ಕೆಲಸ ಮಾಡುತ್ತವೆ, ಆದರೆ ಫೋನಿನಿಂದ ನಡೆಸುವ ಹಾಗಿಲ್ಲ. ಯಾವ ಕಂಪನಿಯದ್ದಕ್ಕೂ ಒಂದು ದಿನ ಹೀಗಾಗಬಹುದು. ಅದಕ್ಕೇ ಇಂಟರ್‌ನೆಟ್ ಇಲ್ಲದಿದ್ದರೂ ಟೈಮ್‌ಟೇಬಲ್ ಪ್ರಕಾರ ನಡೆಯುವ, ಕೈಗೆ ಸಿಗುವ ಬಟನ್ ಇರುವ, ದೊಡ್ಡ ಅಂಕಿ ಕಾಣುವ ಸಾದಾ ಮಾಡೆಲ್ ಆರಿಸಿದ್ದೇನೆ.

ಅಮ್ಮ, ಇದನ್ನು ನಿನ್ನನ್ನು ನೆನೆಸಿಕೊಂಡೇ ಆರಿಸಿದ್ದು. ನೀವಿಬ್ಬರೂ ಬಂದಾಗ ನಾನು ಆಫೀಸಿನಲ್ಲಿರುತ್ತೇನೆ. ಚಳಿಯಾದರೆ ನನಗೆ ಫೋನ್ ಮಾಡಿ ಕೇಳುವ ಹಾಗಿರಬಾರದು. ಮೇಲಿನ ಬಟನ್ ಒತ್ತಿದರೆ ಶಾಖ ಏರುತ್ತದೆ, ಕೆಳಗಿನದು ಒತ್ತಿದರೆ ಇಳಿಯುತ್ತದೆ. ಬಿಲ್ ಜಾಸ್ತಿ ಬರುತ್ತೆ ಅಂತ ಮುದುಡಿ ಕೂತಿರಬೇಡ.

ಶನಿವಾರ ಹಾಕುತ್ತೇನೆ. ಅಪ್ಪ, ಹಳೇ ವೈರ್‌ಗಳ ಫೋಟೊ ವಾಟ್ಸಾಪ್‌ಗೆ ಕಳಿಸಿದ್ದೇನೆ. ಒಮ್ಮೆ ನೋಡಿ, ಏನಾದರೂ ಅನಿಸಿದರೆ ಅಷ್ಟರೊಳಗೆ ಹೇಳಿ.

ನಿಮ್ಮ ಮಗಳು