ಪಿಕಪ್ ಉಳಿಸಿಕೊಳ್ಳುವುದೋ, ಹೊಸದು ಕೊಳ್ಳುವುದೋ: ಭಾನುವಾರದ ಸಭೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ನಾವು ಎಂಟು ಕುಟುಂಬದವರು ಸೇರಿ ಕೋಲಾರದ ಎಪಿಎಂಸಿಗೆ ಟೊಮೆಟೊ ಸಾಗಿಸುತ್ತಿರುವ 2014ರ ಪಿಕಪ್‌ನ ಎಫ್‌ಸಿ (ಗಾಡಿ ರಸ್ತೆಗೆ ಯೋಗ್ಯವೆಂಬ ಪ್ರಮಾಣಪತ್ರ) ಮುಂದಿನ ತಿಂಗಳು ಮುಗಿಯಲಿದ್ದು, ಅದನ್ನು ರಿಪೇರಿ ಮಾಡಿಸಿ ಉಳಿಸಿಕೊಳ್ಳಬೇಕೇ, ಹೊಸದನ್ನು ಕೊಳ್ಳಬೇಕೇ ಎಂಬುದನ್ನು ಈ ಭಾನುವಾರ ಬೆಳಿಗ್ಗೆ 10 ಗಂಟೆಗೆ ಹಾಲಿನ ಡೈರಿಯ ಬಳಿ ಸೇರಿ ತೀರ್ಮಾನಿಸೋಣ.

ಎಂಜಿನ್ ಇನ್ನೂ ಗಟ್ಟಿಯಾಗಿದೆ. ಆದರೆ ಹಿಂಬದಿಯ ಪಟ್ಟಾ (ಭಾರ ಹೊರುವ ಸ್ಪ್ರಿಂಗ್) ಕೂರುವ ಜಾಗದಲ್ಲಿ ಚಾಸಿಗೆ, ಅಂದರೆ ಗಾಡಿಯ ಅಡಿ ಚೌಕಟ್ಟಿಗೆ, ತುಕ್ಕು ಹಿಡಿದಿದ್ದು, ಸ್ಕ್ರೂಡ್ರೈವರ್‌ನಿಂದ ಒತ್ತಿದರೆ ಕಬ್ಬಿಣ ಪದರು ಪದರಾಗಿ ಉದುರುತ್ತಿದೆ. ಕ್ರೇಟುಗಳ ಭಾರವೆಲ್ಲ ಬೀಳುವುದು ಅಲ್ಲಿಗೇ ಆದ್ದರಿಂದ, ಗಾಡಿ ಓಡಿಸುವವರ ಜೀವದ ದೃಷ್ಟಿಯಿಂದ ಇದನ್ನೇ ಮೊದಲು ನೋಡಬೇಕೆಂದು ನನ್ನ ಅಭಿಪ್ರಾಯ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷವೂ ಎಫ್‌ಸಿ ಮಾಡಿಸಬೇಕಾಗುತ್ತದೆ ಎಂಬುದೂ ಗಮನದಲ್ಲಿರಲಿ.

2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿರುವುದು ಹೊಸ ಗಾಡಿಗೆ ಅನುಕೂಲ. ಆದರೆ ಬಿಎಸ್‌6 (ಈಗಿನ ಹೊಗೆ ನಿಯಂತ್ರಣ ಮಾನದಂಡದ) ಡೀಸೆಲ್ ಗಾಡಿಯನ್ನು ಬರೀ ಹತ್ತಿರದ ಓಡಾಟಕ್ಕೆ ಬಳಸಿದರೆ ಹೊಗೆ ಫಿಲ್ಟರಿನಲ್ಲಿ ಮಸಿ ಕಟ್ಟಿಕೊಳ್ಳುತ್ತದೆ.

ರಿಪೇರಿ ಬಿಲ್ಲುಗಳಿರುವವರು ದಯವಿಟ್ಟು ತನ್ನಿ. ಬರುವಿರಾ, ಕಂತಿಗೆ ತಿಂಗಳಿಗೆ ಎಷ್ಟು ಕೊಡಬಲ್ಲಿರಿ ಎಂಬುದನ್ನು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ಬರೆದು ತಿಳಿಸಬೇಕಾಗಿ ವಿನಂತಿ.